ಎಮ್ಮೆ ಬೆದೆಗೆ ಬಾರದಿರುವುದೇಕೆ? ಅಂಡಾಶಯ, ಹಾರ್ಮೋನು ಮತ್ತು ಕೋಶಕೇಂದ್ರದ ಗ್ರಾಹಕಗಳು

ಬೆಳಗಾವಿ ನಗರದ ಮನೆಗಳಿಗೆ, ಚಹಾದ ಅಂಗಡಿಗಳಿಗೆ ಮತ್ತು ಹೆಸರಾದ ಕುಂದಾ ತಯಾರಿಸುವವರಿಗೆ ದಿನ ಬೆಳಗಾದರೆ ಹಾಲು ಬೇಕು. ನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿರುವ ಖಾನಾಪುರ ತಾಲೂಕಿನ ಅನೇಕ ರೈತ ಕುಟುಂಬಗಳಿಗೆ ಭತ್ತದ ಜೊತೆಗೆ ಕೈಗೆ ನಗದು ತರುವುದು ಕೊಟ್ಟಿಗೆಯ ಒಂದೆರಡು ಎಮ್ಮೆ ಅಥವಾ ಆಕಳು. ಹಾಲು ಬರಬೇಕಾದರೆ ಎಮ್ಮೆ ಈಯಬೇಕು. ಈಯಬೇಕಾದರೆ ಗಬ್ಬ ಕಟ್ಟಬೇಕು. ಗಬ್ಬ ಕಟ್ಟಬೇಕಾದರೆ ಅದು ಸಕಾಲಕ್ಕೆ ಬೆದೆಗೆ ಬರಬೇಕು ಮತ್ತು ಆ ಬೆದೆ ಮನೆಯವರ ಕಣ್ಣಿಗೆ ಬೀಳಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಇಡೀ ವರ್ಷದ ಲೆಕ್ಕ ತಪ್ಪುತ್ತದೆ.

ಒಂದು ಎಮ್ಮೆಯ ಉದಾಹರಣೆ ತೆಗೆದುಕೊಳ್ಳಬಹುದು. ಜಾಂಬೋಟಿ ಕಡೆಯ ಒಂದು ಹಳ್ಳಿಯಲ್ಲಿ ಅದು ಸಂಕ್ರಾಂತಿಯ ಸುಮಾರಿಗೆ ಈದಿದೆ. ಬೇಸಿಗೆಯುದ್ದಕ್ಕೂ ಅದಕ್ಕೆ ಭತ್ತದ ಹುಲ್ಲೇ ಆಹಾರ. ಕಾರಹುಣ್ಣಿಮೆ ಬಂದರೂ ಅದು ಬೆದೆಗೆ ಬಂದಿಲ್ಲ. ಹಾಲು ಇಳಿಯುತ್ತಿದೆ. ಯಾರೋ ಹೇಳಿದರೆಂದು ಒಂದು ಇಂಜೆಕ್ಷನ್ ಹಾಕಿಸಿದ್ದಾಯಿತು, ಫಲವಾಗಲಿಲ್ಲ. ಇನ್ನೊಂದು ಹಾಕಿಸುವುದೋ, ಸಂತೆಗೆ ಹೊಡೆಯುವುದೋ ಎಂಬುದು ಈಗ ಮನೆಯವರ ಮುಂದಿರುವ ಪ್ರಶ್ನೆ.

ಇಂಥ ಎಮ್ಮೆಗಳಲ್ಲಿ ಹಲವು ಬಂಜೆಯಲ್ಲ. ಅವುಗಳ ಅಂಡಾಶಯದಲ್ಲಿ ಏನು ನಡೆಯುತ್ತಿದೆ, ಏನು ನಡೆಯುತ್ತಿಲ್ಲ ಎಂಬುದನ್ನು ತಿಳಿದುಕೊಂಡರೆ ಎಷ್ಟೋ ಒಳ್ಳೆಯ ಎಮ್ಮೆಗಳು ಕಟುಕರ ಪಾಲಾಗುವುದು ತಪ್ಪುತ್ತದೆ.

ಒಂದು ಬೆದೆ ತಪ್ಪಿದರೆ ಆಗುವ ನಷ್ಟ

ಎಮ್ಮೆಯ ಗರ್ಭಾವಧಿ ಸುಮಾರು 310 ದಿನ, ಆಕಳಿನದು ಸುಮಾರು 280 ದಿನ. ಎಮ್ಮೆ 13-14 ತಿಂಗಳಿಗೊಮ್ಮೆ ಕರು ಹಾಕಬೇಕಾದರೆ ಈದ ಮೂರು, ಮೂರೂವರೆ ತಿಂಗಳೊಳಗೆ ಅದು ಪುನಃ ಗಬ್ಬ ಕಟ್ಟಬೇಕು. ಬೆದೆಯ ಚಕ್ರ ಸಾಮಾನ್ಯವಾಗಿ 21 ದಿನಗಳದು. ಒಂದು ಬೆದೆ ತಪ್ಪಿದರೆ 21 ದಿನ, ಮೂರು ತಪ್ಪಿದರೆ 63 ದಿನ ಕೈಬಿಟ್ಟಂತೆ. ಈ ದಿನಗಳಲ್ಲಿ ಎಮ್ಮೆ ಮೇವು ತಿನ್ನುವುದು ನಿಲ್ಲುವುದಿಲ್ಲ. ಮುಂದಿನ ಸೂಲಿನ ಹಾಲು ಮಾತ್ರ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ.

21 ದಿನಗಳಲ್ಲಿ ಅಂಡಾಶಯದ ಕೆಲಸ

ಅಂಡಾಶಯದಲ್ಲಿ ನೀರ್ಗುಳ್ಳೆಯಂಥ ಸಣ್ಣ ಸಣ್ಣ ಅಂಡಕೋಶಿಕೆಗಳಿರುತ್ತವೆ. ಒಂದು ಚಕ್ರದಲ್ಲಿ ಎರಡು ಅಥವಾ ಮೂರು ಸಲ ಇವುಗಳ ಗುಂಪು ಬೆಳೆಯಲಾರಂಭಿಸುತ್ತದೆ. ಪ್ರತಿ ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ದೊಡ್ಡದಾಗಿ, ಉಳಿದವು ಬಾಡಿಹೋಗುತ್ತವೆ. ದೊಡ್ಡದಾದ ಕೋಶಿಕೆಯು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸುತ್ತದೆ. ಎಮ್ಮೆ ಕೂಗುವುದು, ಯೋನಿದ್ವಾರ ಉಬ್ಬುವುದು, ಲೋಳೆ ಸೋರುವುದು ಎಲ್ಲವೂ ಈ ಈಸ್ಟ್ರೋಜನ್ನಿನ ಪರಿಣಾಮ. ಬಳಿಕ ಕೋಶಿಕೆ ಒಡೆದು ಅಂಡಾಣು ಹೊರಬರುತ್ತದೆ.

ಒಡೆದ ಸ್ಥಳದಲ್ಲಿ ಹಳದಿ ಗ್ರಂಥಿ ಬೆಳೆದು ಪ್ರೊಜೆಸ್ಟಿರಾನ್ ಎಂಬ ಇನ್ನೊಂದು ಹಾರ್ಮೋನನ್ನು ಕೊಡುತ್ತದೆ. ಗರ್ಭವನ್ನು ಕಾಯುವ ಹಾರ್ಮೋನು ಇದೇ. ಗರ್ಭ ನಿಲ್ಲದಿದ್ದರೆ 16-17ನೆಯ ದಿನದ ಸುಮಾರಿಗೆ ಗರ್ಭಕೋಶವು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಕಳಿಸಿ ಹಳದಿ ಗ್ರಂಥಿಯನ್ನು ಕರಗಿಸುತ್ತದೆ. ಆಗ ಹೊಸ ಕೋಶಿಕೆ ಬೆಳೆದು ಪುನಃ ಬೆದೆ ಬರುತ್ತದೆ.

ಕೀಲಿ ಇದ್ದರೆ ಸಾಲದು, ಬೀಗವೂ ಬೇಕು

ಹಾರ್ಮೋನು ರಕ್ತದಲ್ಲಿ ಇಡೀ ದೇಹವನ್ನು ಸುತ್ತುತ್ತದೆ. ಆದರೆ ಅದು ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ಕೆಲಸ ಮಾಡುತ್ತದೆ. ಏಕೆ? ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಎಲ್ವುಡ್ ಜೆನ್ಸನ್ ಎಂಬ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಈಸ್ಟ್ರೋಜನ್ನಿಗೆ ವಿಕಿರಣದ ಗುರುತು ಹಚ್ಚಿ ಇಲಿಗಳಿಗೆ ಕೊಟ್ಟರು. ಗರ್ಭಕೋಶದಂಥ ಅಂಗಗಳು ಅದನ್ನು ಹಿಡಿದಿಟ್ಟುಕೊಂಡವು. ಬೇರೆ ಅಂಗಗಳು ಬಿಟ್ಟುಕೊಟ್ಟವು. ಹಿಡಿದಿಡುವ ಆ ಸಸಾರಜನಕ ವಸ್ತುವಿಗೆ ಗ್ರಾಹಕ ಎಂದು ಹೆಸರು.

ಹಾರ್ಮೋನು ಕೀಲಿಯಾದರೆ ಗ್ರಾಹಕವು ಬೀಗ. ಬೀಗಗಳಲ್ಲಿ ಎರಡು ಬಗೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಹಾರ್ಮೋನುಗಳ ಬೀಗಗಳು ಜೀವಕೋಶದ ಹೊರ ಪೊರೆಯ ಮೇಲೆ, ಅಂದರೆ ಮನೆಯ ಹೊರಬಾಗಿಲಿನಲ್ಲಿವೆ. ಈಸ್ಟ್ರೋಜನ್, ಪ್ರೊಜೆಸ್ಟಿರಾನ್‌ಗಳು ಕೊಬ್ಬಿನಲ್ಲಿ ಕರಗುವ ವಸ್ತುಗಳಾದ್ದರಿಂದ ಹೊರ ಪೊರೆಯನ್ನು ದಾಟಿ ನೇರವಾಗಿ ಒಳಗೆ ಹೋಗುತ್ತವೆ. ಅವುಗಳ ಬೀಗಗಳು ಜೀವಕೋಶದ ಒಳಗಿದ್ದು ಕೋಶಕೇಂದ್ರದಲ್ಲಿ ಕೆಲಸ ಮಾಡುತ್ತವೆ. ಆದುದರಿಂದ ಇವುಗಳಿಗೆ ಕೋಶಕೇಂದ್ರದ ಗ್ರಾಹಕಗಳು ಎನ್ನುತ್ತಾರೆ. ಕೀಲಿ ಕೂಡಿದೊಡನೆ ಈ ಗ್ರಾಹಕವು ವರ್ಣತಂತುವಿನ ನಿರ್ದಿಷ್ಟ ಭಾಗವನ್ನು ಹಿಡಿದು, ಅಲ್ಲಿರುವ ವಂಶವಾಹಿಗಳನ್ನು ಕೆಲಸಕ್ಕೆ ಹಚ್ಚುತ್ತದೆ ಅಥವಾ ಸುಮ್ಮನಿರಿಸುತ್ತದೆ. ಇದರ ಫಲವು ಗಂಟೆಗಳಲ್ಲಿ, ದಿನಗಳಲ್ಲಿ ಕಾಣುತ್ತದೆ.

ಮನುಷ್ಯರಲ್ಲಿ ಇಂಥ 48 ಗ್ರಾಹಕಗಳಿವೆ. ಇತರ ಸಸ್ತನಿಗಳಲ್ಲೂ ಹೆಚ್ಚುಕಡಿಮೆ ಇವೇ ಇವೆ. ಈಸ್ಟ್ರೋಜನ್ನಿನ ಒಂದು ಗ್ರಾಹಕದ ರಚನೆ 1986ರಲ್ಲಿ ತಿಳಿದುಬಂದಿತು. ಎರಡನೆಯದು 1996ರಲ್ಲಿ ಬೆಳಕಿಗೆ ಬಂದಿತು. ಅಂಡಾಶಯದಲ್ಲಿ ಈ ಗ್ರಾಹಕಗಳ ಪಾತ್ರ ಎಷ್ಟು ದೊಡ್ಡದೆಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಪ್ರೊಜೆಸ್ಟಿರಾನ್ ಗ್ರಾಹಕವಿಲ್ಲದ ಇಲಿಗಳಲ್ಲಿ ಕೋಶಿಕೆ ಬೆಳೆದರೂ ಒಡೆಯುವುದಿಲ್ಲ ಎಂದು 1995ರಲ್ಲಿ ತಿಳಿಯಿತು. ರಾಜ್ ದುಗ್ಗಾವತಿ, ಬ್ರೂಸ್ ಮರ್ಫಿ ಮೊದಲಾದ ವಿಜ್ಞಾನಿಗಳು ಎಲ್.ಆರ್.ಎಚ್.-1 ಎಂಬ ಇನ್ನೊಂದು ಗ್ರಾಹಕವನ್ನು ಕೋಶಿಕೆಯ ಜೀವಕೋಶಗಳಿಂದ ಮಾತ್ರ ತೆಗೆದು ನೋಡಿ, ಅದಿಲ್ಲದೆಯೂ ಅಂಡಾಣು ಬಿಡುಗಡೆಯಾಗುವುದಿಲ್ಲ ಎಂದು 2008ರಲ್ಲಿ ಪ್ರಕಟಿಸಿದರು. ಹಾರ್ಮೋನು ರಕ್ತದಲ್ಲಿದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ಮೂಕ ಬೆದೆಯ ಗುಟ್ಟು

ಈದ ಮೇಲೆ ಬರುವ ಮೊದಲ ಬೆದೆ ಹಲವು ಸಲ ಹೊರಗೆ ಕಾಣುವುದೇ ಇಲ್ಲ. ಕೋಶಿಕೆ ಬೆಳೆಯುತ್ತದೆ, ಈಸ್ಟ್ರೋಜನ್ ಬರುತ್ತದೆ, ಅಂಡಾಣುವೂ ಬಿಡುಗಡೆಯಾಗುತ್ತದೆ. ಎಮ್ಮೆ ಮಾತ್ರ ಸುಮ್ಮನಿರುತ್ತದೆ. ಇದಕ್ಕೆ ಮೂಕ ಬೆದೆ ಎನ್ನುತ್ತಾರೆ. ಬೆದೆಯ ಲಕ್ಷಣ ತೋರಿಸುವಂತೆ ಮಾಡುವುದು ಮೆದುಳು. ಮೆದುಳು ಈಸ್ಟ್ರೋಜನ್ನಿಗೆ ಸರಿಯಾಗಿ ಓಗೊಡಬೇಕಾದರೆ ಅದಕ್ಕೆ ಮುಂಚೆ ಕೆಲವು ದಿನ ಪ್ರೊಜೆಸ್ಟಿರಾನ್ ತಗುಲಿರಬೇಕು. ಬಿತ್ತನೆಗೆ ಮೊದಲು ಭೂಮಿ ಹದಗೊಂಡಿರಬೇಕಾದಂತೆ ಇದು. ಈದ ಬಳಿಕ ಮೊದಲ ಸಲ ಕೋಶಿಕೆ ಒಡೆಯುವ ಮುನ್ನ ಹಳದಿ ಗ್ರಂಥಿ ಇರುವುದಿಲ್ಲ. ಆದುದರಿಂದ ಹದವೂ ಇರುವುದಿಲ್ಲ. ಮೊದಲ ಸಲ ಒಡೆದ ಮೇಲೆ ಹಳದಿ ಗ್ರಂಥಿ ಬೆಳೆದು ಪ್ರೊಜೆಸ್ಟಿರಾನ್ ಕೊಟ್ಟ ಬಳಿಕ ಬರುವ ಎರಡನೆಯ ಬೆದೆ ಹೆಚ್ಚು ಸ್ಪಷ್ಟವಾಗಿರುತ್ತದೆ. ಮೊದಲ ಚಕ್ರವು 21 ದಿನಕ್ಕಿಂತ ಚಿಕ್ಕದಾಗಿರುವುದೂ ಉಂಟು.

ಬೆದೆಗೆ ಬಾರದ ಎಮ್ಮೆಗಳಿಗೆ ಪಶುವೈದ್ಯರು ಪ್ರೊಜೆಸ್ಟಿರಾನ್ ತುಂಬಿದ ಸಾಧನವೊಂದನ್ನು ಸುಮಾರು ಒಂದು ವಾರ ಯೋನಿಯಲ್ಲಿರಿಸಿ ತೆಗೆಯುವುದು ಇದೇ ಕಾರಣಕ್ಕೆ. ಆ ವಾರದಲ್ಲಿ ಮೆದುಳು ಹದಗೊಳ್ಳುತ್ತದೆ. ಸಾಧನ ತೆಗೆದೊಡನೆ ಪ್ರೊಜೆಸ್ಟಿರಾನ್ ಇಳಿದು, ಕೋಶಿಕೆ ಬೆಳೆದು, ಎರಡು ಮೂರು ದಿನಗಳಲ್ಲಿ ಬೆದೆ ಕಾಣಿಸಿಕೊಳ್ಳುತ್ತದೆ. ಬಡಕಲಾದ ಎಮ್ಮೆಯಲ್ಲಿ ಈ ಚಿಕಿತ್ಸೆಯ ಫಲ ಕಡಿಮೆ.

ಹದಿನಾರನೆಯ ದಿನದ ತೀರ್ಮಾನ

ಗರ್ಭ ಕಟ್ಟಿಸಿದ ಮೇಲೂ ಗ್ರಾಹಕಗಳ ಕೆಲಸ ಮುಗಿಯುವುದಿಲ್ಲ. ಚಕ್ರದ ಮೊದಲ ಭಾಗದಲ್ಲಿ ಪ್ರೊಜೆಸ್ಟಿರಾನ್ ಗರ್ಭಕೋಶದ ಒಳಪದರಿನಲ್ಲಿ ಈಸ್ಟ್ರೋಜನ್ ಗ್ರಾಹಕಗಳನ್ನು ತಡೆದಿಟ್ಟಿರುತ್ತದೆ. ದಿನಗಳು ಕಳೆದಂತೆ ಈ ತಡೆ ಸಡಿಲಗೊಂಡು ಈಸ್ಟ್ರೋಜನ್ ಗ್ರಾಹಕಗಳು, ಅವುಗಳ ಹಿಂದೆಯೇ ಆಕ್ಸಿಟೋಸಿನ್ ಗ್ರಾಹಕಗಳು ತಲೆಯೆತ್ತುತ್ತವೆ. ಆಗ ಪ್ರೋಸ್ಟಗ್ಲಾಂಡಿನ್ ಹೊರಟು ಹಳದಿ ಗ್ರಂಥಿ ಕರಗುತ್ತದೆ. ಗರ್ಭದಲ್ಲಿ ಭ್ರೂಣವಿದ್ದರೆ ಅದು ಇಂಟರ್‌ಫೆರಾನ್ ಟೌ ಎಂಬ ವಸ್ತುವನ್ನು ಸ್ರವಿಸಿ ಈ ಗ್ರಾಹಕಗಳು ಏಳದಂತೆ ನೋಡಿಕೊಳ್ಳುತ್ತದೆ. ಹಳದಿ ಗ್ರಂಥಿ ಉಳಿಯುತ್ತದೆ, ಗರ್ಭವೂ ಉಳಿಯುತ್ತದೆ. ಕುರಿಗಳಲ್ಲಿ ವಿವರವಾಗಿ ತಿಳಿದುಬಂದಿರುವ ಈ ಕ್ರಮವು ಮುಖ್ಯ ಅಂಶಗಳಲ್ಲಿ ಆಕಳಿಗೂ ಅನ್ವಯಿಸುತ್ತದೆ.

ಎಳೆಯ ಭ್ರೂಣ ದುರ್ಬಲವಾಗಿದ್ದರೆ ಈ ಸಂದೇಶ ಸಕಾಲಕ್ಕೆ ತಲುಪುವುದಿಲ್ಲ. ಆದುದರಿಂದ ಗರ್ಭಧಾರಣೆ ಮಾಡಿಸಿದ ಮೊದಲ ಮೂರು ವಾರ ಎಮ್ಮೆಯನ್ನು ಬಿಸಿಲಲ್ಲಿ ದೂರ ನಡೆಸುವುದು, ಮೇವು ಕಡಿಮೆ ಮಾಡುವುದು, ವಾಹನದಲ್ಲಿ ಸಾಗಿಸುವುದು ಯೋಗ್ಯವಲ್ಲ.

ಮೇವಿನಿಂದ ಬರುವ ಕೀಲಿಗಳು

ಕೋಶಕೇಂದ್ರದ ಗ್ರಾಹಕಗಳ ಎಲ್ಲ ಕೀಲಿಗಳೂ ಅಂಡಾಶಯದಲ್ಲಿ ತಯಾರಾಗುವುದಿಲ್ಲ. ಕೆಲವು ಗೋದಲಿಯಿಂದಲೇ ಬರಬೇಕು.

ಹಸಿರು ಮೇವಿನ ಕೆರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗಿ, ಅದರಿಂದಾದ ರೆಟಿನಾಯಿಕ್ ಆಮ್ಲವು ಇಂಥ ಗ್ರಾಹಕಗಳಿಗೆ ಕೀಲಿಯಾಗುತ್ತದೆ. ಒಣಗಿದ ಭತ್ತದ ಹುಲ್ಲಿನಲ್ಲಿ ಕೆರೋಟಿನ್ ಇಲ್ಲವೆಂದೇ ಹೇಳಬಹುದು. ಪಿತ್ತಜನಕಾಂಗದಲ್ಲಿ 'ಎ' ಜೀವಸತ್ವದ ದಾಸ್ತಾನು ಕೆಲವು ತಿಂಗಳು ನಡೆಯುತ್ತದೆ. ಬೇಸಿಗೆಯುದ್ದಕ್ಕೂ ಬರೀ ಹುಲ್ಲು ತಿಂದ ಎಮ್ಮೆಯಲ್ಲಿ ಅದು ಬರಿದಾಗುವ ಸಂಭವವಿದೆ. ಇದರ ಕೊರತೆಯಿಂದ ಇರುಳುಗಣ್ಣು, ಮಾಸು ಬೀಳದಿರುವುದು, ಬಲಹೀನ ಕರುಗಳು ಹುಟ್ಟುವುದು ಕಂಡುಬರುತ್ತವೆ.

ಥೈರಾಯಿಡ್ ಹಾರ್ಮೋನಿನ ಗ್ರಾಹಕವೂ ಇದೇ ಕುಟುಂಬದ್ದು. ಈ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ಹೆಚ್ಚು ಮಳೆ ಬೀಳುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ಕೊಚ್ಚಿಹೋಗಿ ಕಡಿಮೆಯಾಗುವುದುಂಟು. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆಯ ಘಟ್ಟದ ಅಂಚಿನ ಹಳ್ಳಿಗಳ ಪಶುಪಾಲಕರು ಇದನ್ನು ನೆನಪಿನಲ್ಲಿಡಬೇಕು.

ಇನ್ನೊಂದು ವಿಷಯ ಸತುವಿನದು. ಕೋಶಕೇಂದ್ರದ ಗ್ರಾಹಕವು ವರ್ಣತಂತುವನ್ನು ಹಿಡಿಯುವುದು ಬೆರಳಿನಂಥ ಎರಡು ಮಡಿಕೆಗಳಿಂದ. ಪ್ರತಿಯೊಂದು ಬೆರಳಿನ ಆಕಾರವನ್ನು ಬಿಗಿಹಿಡಿದಿರುವುದು ಸತುವಿನ ಒಂದು ಕಣ. ಲವಣ ಮಿಶ್ರಣದ ಡಬ್ಬಿಯಲ್ಲಿ ಸತು, ತಾಮ್ರ, ಅಯೋಡಿನ್‌ಗಳ ಹೆಸರಿರುವುದು ವೃಥಾ ಅಲ್ಲ. ದೊಡ್ಡ ಎಮ್ಮೆಗೆ ದಿನಕ್ಕೆ ಸುಮಾರು 50 ಗ್ರಾಂ ಲವಣ ಮಿಶ್ರಣವನ್ನು ಹಿಂಡಿಯಲ್ಲಿ ಬೆರೆಸಿ ಕೊಡಬೇಕು. ಅಡಿಗೆ ಉಪ್ಪು ಇದಕ್ಕೆ ಬದಲಿಯಲ್ಲ.

ಕಳ್ಳ ಕೀಲಿಗಳು

ಬೀಗಕ್ಕೆ ಹೊಂದುವ ಕಳ್ಳ ಕೀಲಿಗಳೂ ಇವೆ. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ 1940ರ ದಶಕದಲ್ಲಿ ಒಂದು ಜಾತಿಯ ಕ್ಲೋವರ್ ಮೇವು ಮೇಯ್ದ ಕುರಿಗಳು ಗರ್ಭ ಕಟ್ಟದೆ ಹೋದವು. ಆ ಸಸ್ಯದಲ್ಲಿದ್ದ ವಸ್ತುಗಳು ದೇಹದಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸಿದ್ದೇ ಕಾರಣವೆಂದು ಮುಂದೆ ತಿಳಿಯಿತು.

ಬೆಳಗಾವಿ ಜಿಲ್ಲೆಯ ರೈತರಿಗೆ ಇದಕ್ಕಿಂತ ಹತ್ತಿರದ ಅಪಾಯ ಬೂಷ್ಟು ಹಿಡಿದ ಗೋವಿನಜೋಳ. ತೆನೆ ಬಲಿಯುವಾಗ, ಕೊಯ್ಯುವಾಗ ಮಳೆ ಹಿಡಿದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೆಳೆಯುತ್ತದೆ. ಇದರ ಕೆಲವು ಜಾತಿಗಳು ಜಿಯರಲೆನೋನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಇದು ಈಸ್ಟ್ರೋಜನ್ ಗ್ರಾಹಕಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ಹಂದಿಗಳಿಗೆ ಇದರ ಬಾಧೆ ಬಹಳ. ದನಗಳಿಗೆ ಅಷ್ಟಿಲ್ಲವಾದರೂ ಮಣಕಗಳಲ್ಲಿ ಕೆಚ್ಚಲು ಅಕಾಲಕ್ಕೆ ಉಬ್ಬುವುದು, ಬೆದೆ ಏರುಪೇರಾಗುವುದು, ಗರ್ಭ ನಿಲ್ಲದಿರುವುದು ಕಾಣಬಹುದು. ಮನುಷ್ಯರಿಗೆ ಬೇಡವಾದ ಬೂಷ್ಟು ಕಾಳು ದನಕ್ಕಾದರೂ ಆದೀತು ಎಂಬ ರೂಢಿಯನ್ನು ಬಿಡಬೇಕು. ಕಾಳನ್ನು ಚೆನ್ನಾಗಿ ಒಣಗಿಸಿ, ನೆಲದ ತಂಪು ತಗಲದಂತೆ ಹಲಗೆಯ ಮೇಲೆ ಚೀಲಗಳನ್ನು ಇಡಬೇಕು.

ಹೆಣ್ಣುಮಕ್ಕಳ ದೇಹದಲ್ಲಿರುವುದೂ ಇದೇ ಬಗೆಯ ಬೀಗಗಳು. ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನನ್ನು ಅಮೆರಿಕದಲ್ಲಿ ಹಲವು ವರ್ಷ ಗರ್ಭಿಣಿಯರಿಗೆ ಕೊಡಲಾಗುತ್ತಿತ್ತು. ಆ ತಾಯಂದಿರ ಕೆಲವು ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡುಬಂದಿತೆಂದು 1971ರಲ್ಲಿ ತಿಳಿದ ಮೇಲೆ, ಗರ್ಭಿಣಿಯರಿಗೆ ಅದನ್ನು ಕೊಡಬಾರದೆಂದು ಅಲ್ಲಿನ ಸರಕಾರ ಎಚ್ಚರಿಸಿತು. ಕೀಲಿ ಸರಿಯಿದ್ದರೂ ಅದನ್ನು ಹಾಕುವ ಕಾಲ ತಪ್ಪಿದರೆ ಎಂಥ ಹಾನಿಯಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಇಂಜೆಕ್ಷನ್‌ಗೆ ಮೊದಲು ಪರೀಕ್ಷೆ

ಎಮ್ಮೆ ಬೆದೆಗೆ ಬಂದಿಲ್ಲ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿರಬಹುದು.

ಮೊದಲನೆಯದು, ಕೀಲಿಯೇ ಇಲ್ಲದಿರುವುದು. ಮೇವಿನ ಕೊರತೆ, ಜಂತುಹುಳು, ಮೈಯಿಳಿತ ಇವುಗಳಿಂದ ಪಿಟ್ಯುಟರಿಯ ಹಾರ್ಮೋನು ಸಾಲದೆ ಅಂಡಾಶಯ ಕೆಲಸ ನಿಲ್ಲಿಸಿರುತ್ತದೆ. ಇಲ್ಲಿ ಮೊದಲ ಔಷಧ ಆಹಾರ.

ಎರಡನೆಯದು, ಕೀಲಿ ಇದ್ದರೂ ಮೆದುಳು ಓಗೊಡದಿರುವುದು, ಅಂದರೆ ಮೂಕ ಬೆದೆ. ಪಶುವೈದ್ಯರು ಕೈಯಾಡಿಸಿ ನೋಡಿದಾಗ ಹಳದಿ ಗ್ರಂಥಿ ಸಿಕ್ಕಿದರೆ ಅಂಡಾಶಯ ಕೆಲಸ ಮಾಡುತ್ತಿದೆಯೆಂದು ಗೊತ್ತಾಗುತ್ತದೆ.

ಮೂರನೆಯದು, ಬೆದೆ ಬಂದು ಹೋದದ್ದನ್ನು ಯಾರೂ ನೋಡದಿರುವುದು. ಎಮ್ಮೆಯ ಬೆದೆ ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ಕಾಣುತ್ತದೆ. ಆಕಳಿನಂತೆ ಎಮ್ಮೆ ಬೇರೆ ದನಗಳ ಮೇಲೆ ಹಾರುವುದು ಕಡಿಮೆ.

ಈ ಮೂರಕ್ಕೂ ಮದ್ದು ಒಂದೇ ಅಲ್ಲ. ಪ್ರೋಸ್ಟಗ್ಲಾಂಡಿನ್ ಇಂಜೆಕ್ಷನ್ ಹಳದಿ ಗ್ರಂಥಿಯನ್ನು ಕರಗಿಸುತ್ತದೆ. ಆ ಗ್ರಂಥಿಯೇ ಇಲ್ಲದ ಎಮ್ಮೆಗೆ ಅದರಿಂದ ಉಪಯೋಗವಿಲ್ಲ. ಗಬ್ಬದ ಎಮ್ಮೆಗೆ ಅರಿಯದೆ ಹಾಕಿದರೆ ಗರ್ಭಪಾತವಾಗುತ್ತದೆ. ಎಷ್ಟೋ ಸಲ ಬೆದೆಗೆ ಬಾರದಿರುವ ಕಾರಣ ಅದು ಆಗಲೇ ಗಬ್ಬವಾಗಿರುವುದೇ ಆಗಿರುತ್ತದೆ. ಆದುದರಿಂದ ಪರೀಕ್ಷೆಯಿಲ್ಲದೆ ಯಾವ ಹಾರ್ಮೋನನ್ನೂ ಹಾಕಿಸಬಾರದು. ಗರ್ಭಿಣಿಯರು ಮತ್ತು ಉಬ್ಬಸದ ರೋಗಿಗಳು ಪ್ರೋಸ್ಟಗ್ಲಾಂಡಿನ್ ಸೀಸೆಯನ್ನು ಮುಟ್ಟಬಾರದು. ಅದು ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ.

ಜಾಂಬೋಟಿ ಕಡೆಯ ಎಮ್ಮೆಗೆ ಮಾಡಬೇಕಾದುದು

ಮೊದಲು ಹೇಳಿದ ಎಮ್ಮೆಯನ್ನು ಸಂತೆಗೆ ಹೊಡೆಯುವ ಮುನ್ನ ಪಶು ಆಸ್ಪತ್ರೆಯಲ್ಲಿ ಗರ್ಭಪರೀಕ್ಷೆ ಮಾಡಿಸಬೇಕು. ಗಬ್ಬವಿಲ್ಲವೆಂದು ಖಚಿತವಾದರೆ ಜಂತುಹುಳುವಿನ ಔಷಧ ಹಾಕಿಸಿ, ದಿನವೂ ಹಿಂಡಿ, ಲವಣ ಮಿಶ್ರಣ ಮತ್ತು ಹಸಿರು ಮೇವು ಕೊಡಲಾರಂಭಿಸಬೇಕು. ಕಾರಹುಣ್ಣಿಮೆಯ ನಂತರ ಮಳೆ ಹಿಡಿದು ಹಸಿರು ಹುಲ್ಲು ಸಿಗುತ್ತದೆ, ಸೆಕೆಯೂ ಇಳಿಯುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಎಮ್ಮೆಗಳು ಸಹಜವಾಗಿಯೇ ಹೆಚ್ಚಾಗಿ ಬೆದೆಗೆ ಬರುತ್ತವೆ. ಮೈ ತುಂಬಿಕೊಂಡ ಮೇಲೂ ಬೆದೆ ಕಾಣದಿದ್ದರೆ ಪಶುವೈದ್ಯರ ಸಲಹೆಯಂತೆ ಪ್ರೊಜೆಸ್ಟಿರಾನ್ ಚಿಕಿತ್ಸೆಗೆ ಅರ್ಥವಿದೆ. ಮುಂದಿನ ಬೇಸಿಗೆಗಾಗಿ ಬಾವಿಯ ನೀರಿರುವಲ್ಲಿ ಒಂದೆರಡು ಗುಂಟೆಯಲ್ಲಿ ನೇಪಿಯರ್ ಹುಲ್ಲು ಹಚ್ಚಬೇಕು; ಬದುವಿನಲ್ಲಿ ಚೊಗಚೆ, ನುಗ್ಗೆ ಬೆಳೆಸಿದರೂ ಹಸಿರಿಗೆ ಆಧಾರವಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಮೈ ತೊಳೆಯಬೇಕು ಅಥವಾ ಕೆರೆಯಲ್ಲಿ ಬಿಡಬೇಕು.

ನೆನಪಿಡಬೇಕಾದ ಅಂಶಗಳು

1. ಈದ ದಿನ, ಬೆದೆಯ ದಿನ, ಗರ್ಭಧಾರಣೆಯ ದಿನಗಳನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡಬೇಕು.

2. ಈದ 40 ದಿನಗಳ ನಂತರ ರಾತ್ರಿ ಮಲಗುವ ಮುನ್ನ ಹಾಗೂ ನಸುಕಿನಲ್ಲಿ ಎಮ್ಮೆಯನ್ನು ಗಮನಿಸಬೇಕು. ಕೂಗುವುದು, ಮೇಲಿಂದ ಮೇಲೆ ಉಚ್ಚೆ ಹೊಯ್ಯುವುದು, ಹಾಲು ತಟ್ಟನೆ ಇಳಿಯುವುದು, ಮಲಗಿದ ಜಾಗದಲ್ಲಿ ತಿಳಿಯಾದ ಲೋಳೆ ಬಿದ್ದಿರುವುದು ಬೆದೆಯ ಲಕ್ಷಣಗಳು.

3. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು.

4. ಗರ್ಭಧಾರಣೆಯಾದ 18ರಿಂದ 24ನೆಯ ದಿನದವರೆಗೆ ಪುನಃ ಬೆದೆ ಬರುವುದೇ ಎಂದು ನೋಡಬೇಕು. ಬಾರದಿದ್ದರೂ ಎರಡು-ಮೂರು ತಿಂಗಳಿಗೆ ಗರ್ಭಪರೀಕ್ಷೆ ಮಾಡಿಸಬೇಕು.

5. ಬೂಷ್ಟು ಹಿಡಿದ ಗೋವಿನಜೋಳ, ಹಿಂಡಿಗಳನ್ನು ದನಗಳಿಗೆ ಹಾಕಬಾರದು.

6. ಹಾರ್ಮೋನು ಇಂಜೆಕ್ಷನ್ ಕೊನೆಯ ಹೆಜ್ಜೆ. ಮೊದಲನೆಯದು ಪರೀಕ್ಷೆ, ಎರಡನೆಯದು ಮೇವು.

ಕೊಟ್ಟಿಗೆಯ ಗೋಡೆಯ ಮೇಲೆ ಬರೆದ ಒಂದು ದಿನಾಂಕ ಮತ್ತು ಗೋದಲಿಯಲ್ಲಿ ಹಾಕಿದ ಒಂದು ಹೊರೆ ಹಸಿರು ಮೇವು, ಇವೆರಡಕ್ಕೂ ಖರ್ಚು ಕಡಿಮೆ. ಪಶುವೈದ್ಯರ ಚಿಕಿತ್ಸೆ ಫಲ ಕೊಡುವುದೂ ಇವುಗಳ ಆಧಾರದ ಮೇಲೆಯೇ.